ನಮ್ಮ ಮನೆಯ ಗಟ್ಟಿ ಸಂಖ್ಯೆ

ನಮ್ಮ ಮನೆಯಲ್ಲಿ ಎಲ್ಲರೂ ಯಾವಾಗಲೂ ದಣಿದಿರುತ್ತಿದ್ದರು. ಬಾಲ್ಯದ ಮನೆ ಎಂದ ಕೂಡಲೇ ಬೇರೆಯವರಿಗೆ ಏನೇನೋ ಪರಿಮಳ ನೆನಪಾಗುತ್ತದಂತೆ. ನನಗೆ ನೆನಪಾಗುವುದು ಆಕಳಿಕೆ. ಹುಣಸೂರು ತಾಲ್ಲೂಕಿನ ಗುರುಪುರದಿಂದ ಎರಡು ಮೈಲಿ ಒಳಗೆ, ಹೊಗೆಸೊಪ್ಪು ಬೆಳೆಯುವ ಮನೆ ನಮ್ಮದು. ಮೂರು ಕೋಣೆ, ಒಂದು ಜಗಲಿ, ಹಿತ್ತಿಲಲ್ಲಿ ಸೊಪ್ಪನ್ನು ಬಿಸಿಗಾಳಿಯಲ್ಲಿ ಬೇಯಿಸುವ ಬ್ಯಾರನ್ನು. ಆ ಬ್ಯಾರನ್ನು ಮನೆಗಿಂತ ಎತ್ತರವಾಗಿತ್ತು, ಮನೆಗಿಂತ ಬೆಚ್ಚಗಿತ್ತು, ಅದಕ್ಕೆ ಸಿಗುತ್ತಿದ್ದ ಆರೈಕೆ ನಮ್ಮಲ್ಲಿ ಯಾರಿಗೂ ಸಿಗುತ್ತಿರಲಿಲ್ಲ. ಮನೆಯಲ್ಲಿ ನಾಲ್ಕು ಜನ: ಅಜ್ಜಿ, ಅಪ್ಪ, ಅಮ್ಮ, ನಾನು. ದಣಿವಿನಲ್ಲೂ ತರಾವರಿ ಇತ್ತು. ಅಜ್ಜಿ ದಣಿದರೆ ಮಾತಾಡುತ್ತಿದ್ದಳು, ಬೈಯುತ್ತಿದ್ದಳು, ಸತ್ತವರನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದಳು. ಅಮ್ಮ ದಣಿದರೆ ಮಾತು ನಿಲ್ಲಿಸುತ್ತಿದ್ದಳು, ಹಾಗಾಗಿ ಅಮ್ಮನ ಮಾತು ನಾನು ಹೆಚ್ಚು ಕೇಳಿಲ್ಲ. ಅಪ್ಪ ದಣಿದರೆ ಲೆಕ್ಕ ಮಾಡುತ್ತಿದ್ದರು.

ಲೆಕ್ಕ ಎಂದರೆ ದುಡ್ಡಿನದ್ದಲ್ಲ. ದುಡ್ಡಿನ ಲೆಕ್ಕ ಅಮ್ಮನ ಪಾಲಿಗೆ ಬಿಟ್ಟು ಅಪ್ಪ ನಿಶ್ಚಿಂತರಾಗಿದ್ದರು. ಅವರಿಗೆ ಬೇಕಾದದ್ದು ಬರೀ ಸಂಖ್ಯೆ. ಕೃಷ್ಣರಾಜನಗರದಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಹತ್ತನೇ ಕ್ಲಾಸಿನ ತನಕ ಓದಿದ್ದರು. ಅಲ್ಲೊಬ್ಬರು ಗಣಿತದ ಮೇಷ್ಟ್ರು ಇವರ ತಲೆಗೆ ಹುಳ ಬಿಟ್ಟು ಕಳಿಸಿದ್ದರು. ಅಜ್ಜಿಗೆ ನಲವತ್ತು ತುಂಬಿದ ಮೇಲೆ ಹುಟ್ಟಿದ ಕೊನೆಯ ಮಗ ಇವರು. ತಾತ ತೀರಿಕೊಂಡಾಗ ಓದು ಬಿಡಿಸಿ ಊರಿಗೆ ಕರೆಸಿಕೊಂಡಳು. ಬಂದರು, ನೇಗಿಲು ಹಿಡಿದರು, ಹುಳ ಮಾತ್ರ ತಲೆಯಲ್ಲೇ ಉಳಿಯಿತು.

ದೀಪಾವಳಿಯ ಹೊತ್ತಿಗೆ ಬ್ಯಾರನ್ನಿನ ಬೆಂಕಿ ಆರುತ್ತಿತ್ತು. ಆಮೇಲೆ ನಡುಮನೆಯಲ್ಲಿ ಬೆಂದ ಸೊಪ್ಪಿನ ರಾಶಿ ಹಾಕಿಕೊಂಡು ಬಣ್ಣ ನೋಡಿ ವಿಂಗಡಿಸುವ ಕೆಲಸ. ನಿಂಬೆ ಬಣ್ಣದ್ದು ಒಂದು ಕಡೆ, ಕಿತ್ತಳೆಯದು ಒಂದು ಕಡೆ, ಕಂದು, ಹಸಿರುಳಿದದ್ದು, ಚುಕ್ಕೆ ಬಿದ್ದದ್ದು. ಎಲೆ ವಿಂಗಡಿಸುತ್ತಲೇ ಅಪ್ಪ ಸಂಖ್ಯೆಗಳನ್ನೂ ವಿಂಗಡಿಸುತ್ತಿದ್ದರು. ಒಂದು ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಚಿಕ್ಕ ಸಂಖ್ಯೆಗಳನ್ನೆಲ್ಲ ಕೂಡಿ ನೋಡಬೇಕು. ಎಂಟಕ್ಕೆ ಒಂದು, ಎರಡು, ನಾಲ್ಕು, ಒಟ್ಟು ಏಳು. ಒಂದು ಕಡಿಮೆ ಬಿತ್ತು, ಇದು ಕೊರೆ ಸಂಖ್ಯೆ. ಹನ್ನೆರಡಕ್ಕೆ ಕೂಡಿದರೆ ಹದಿನಾರು ಬರುತ್ತದೆ, ಇದು ಉಕ್ಕಿದ ಸಂಖ್ಯೆ. ಇಪ್ಪತ್ತೆಂಟಕ್ಕೆ ಕೂಡಿದರೆ ಸರಿಯಾಗಿ ಇಪ್ಪತ್ತೆಂಟೇ. ಇದು ತುಂಬಿದ್ದು, ಪರಿಪೂರ್ಣ. ಯಾವುದರಿಂದಲೂ ಒಡೆಯದೆ, ಒಂದರಿಂದ ಮಾತ್ರ ಹೋಗುವುದನ್ನು ಶಾಲೆಯಲ್ಲಿ ಅವಿಭಾಜ್ಯ ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಅದರ ಹೆಸರು ಗಟ್ಟಿ ಸಂಖ್ಯೆ. ಹೊಗೆಸೊಪ್ಪಿನ ಅಂಟು ಕೈಗೆ ಹತ್ತಿದರೆ ಎಷ್ಟು ತೊಳೆದರೂ ಹೋಗದು, ತಿಂದ ಮುದ್ದೆಯೆಲ್ಲ ಕಹಿ. ಆ ಕಹಿ ಕೈಯಲ್ಲಿ ಮುದ್ದೆ ಮುರಿಯುವ ಮುಂಚೆ ಅಪ್ಪ ಒಂದು ಸಂಖ್ಯೆ ಹೇಳುತ್ತಿದ್ದರು, ಅದನ್ನು ನಾನು ಮುರಿಯಬೇಕು. ಮುರಿಯುವ ತನಕ ಸಾರು ಆರುತ್ತಾ ಕೂತಿರುತ್ತಿತ್ತು. ಅಜ್ಜಿಗೆ ರೇಗುತ್ತಿತ್ತು.

"ಉಣ್ಣೋ ಒತ್ನಲ್ಲೂ ಅದೇನ್ಲಾ ಅದು? ಮಗ ಅಸ್ಕೊಂಡು ಕೂತದೆ. ನಿಂಗೆ ಸಂಕ್ಯೆ ಮೆಟ್ಕೊಂಡದೆ ಕಣ್ಲಾ, ಮಂತ್ರ ಆಕಿಸ್ಬೇಕು."

ನಮ್ಮ ಮನೆಯಲ್ಲಿ ಯಾರಿಗೂ ಹುಟ್ಟಿದ ದಿನ ಎಂಬುದಿರಲಿಲ್ಲ. ಯುಗಾದಿಗೆ ಎಲ್ಲರಿಗೂ ಒಟ್ಟಿಗೆ ಒಂದು ವರ್ಷ ಹೆಚ್ಚಾಗುತ್ತಿತ್ತು. ಎಣ್ಣೆನೀರು ಆದ ಮೇಲೆ ಅಪ್ಪ ನಮ್ಮ ನಾಲ್ಕು ಜನರ ವಯಸ್ಸನ್ನು ದೊಡ್ಡವರಿಂದ ಚಿಕ್ಕವರಿಗೆ ಸಾಲಾಗಿ ಜಗಲಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಆ ವರ್ಷ ಅಜ್ಜಿಗೆ ಎಪ್ಪತ್ತಮೂರು (ಅದು ಅಜ್ಜಿಯೇ ಹೇಳಿದ್ದು, ಸಾಕ್ಷಿ ಇಲ್ಲ), ಅಪ್ಪನಿಗೆ ಮೂವತ್ತಮೂರು, ಅಮ್ಮನಿಗೆ ಮೂವತ್ತೊಂದು, ನನಗೆ ಹನ್ನೊಂದು. ಬರೆದು ಮುಗಿಸಿ ಹಿಂದಕ್ಕೆ ಸರಿದು ನಿಂತವರು ಅಲ್ಲೇ ನಿಂತುಬಿಟ್ಟರು. ಗೋಡೆಯ ಮೇಲೆ ೭೩೩೩೩೧೧೧ ಎಂದಿತ್ತು. ಒಂದು ಏಳು, ನಾಲ್ಕು ಮೂರು, ಮೂರು ಒಂದು. ಬಾಯಿಬಿಟ್ಟು ಓದಿದರೂ ಚೆಂದ: ಏಳು ಕೋಟಿ ಮೂವತ್ತಮೂರು ಲಕ್ಷ ಮೂವತ್ತಮೂರು ಸಾವಿರದ ನೂರ ಹನ್ನೊಂದು. ಒಬ್ಬಟ್ಟು ತಟ್ಟೆಯಲ್ಲೇ ಉಳಿಯಿತು. ಅಪ್ಪ ನಿಂತಲ್ಲೇ ಮೂರು, ಏಳು, ಹನ್ನೊಂದು, ಹದಿಮೂರರಿಂದ ಭಾಗಿಸಿ ನೋಡಿದರು. ಒಂದಕ್ಕೂ ಬಗ್ಗಲಿಲ್ಲ. ಬಿಡಿಬಿಡಿಯಾಗಿ ನೋಡಿದರೆ ಎಪ್ಪತ್ತಮೂರು ಗಟ್ಟಿ, ಮೂವತ್ತೊಂದು ಗಟ್ಟಿ, ಹನ್ನೊಂದು ಗಟ್ಟಿ. ಮೂವತ್ತಮೂರು ಮಾತ್ರ ಮೂರು ಹನ್ನೊಂದಲೆ ಒಡೆಯುತ್ತದೆ. ಅಮ್ಮ ಅಪರೂಪಕ್ಕೆ ಬಾಯಿಬಿಟ್ಟಳು.

"ನಾವು ಮೂರ್ ಜನ ಎಂಗಸ್ರೂ ಗಟ್ಟಿ. ಮನೇಲಿ ಒಡ್ಯೋರು ನೀವೊಬ್ರೇ ಕಣ್ರೀ."

"ಒಬ್ಬೊಬ್ರುದ್ದು ಬುಡು," ಎಂದರು ಅಪ್ಪ. "ನಾಕೂ ಸೇರಿ ನಿಂತದಲ್ಲ, ಅದು ಒಡೀತದಾ ಇಲ್ವಾ ಅನ್ನೋದು ನಂಗ್ ಬೇಕು."

ಯಾಕೆ ಬೇಕು ಎಂದು ಅವರು ಹೇಳಿದ್ದು ಒಂದೇ ಸಲ, ಅದೂ ನನಗೆ, ಸೊಪ್ಪಿನ ಸಸಿಗೆ ನೀರು ಹಾಕುತ್ತಿದ್ದಾಗ. ನನಗಾಗ ಅದು ಅರ್ಥವಾಗಲಿಲ್ಲ, ಈಗ ಚೆನ್ನಾಗಿ ಆಗುತ್ತದೆ.

"ವರ್ಸೆಲ್ಲ ಮೈ ಮುರ್ದು ಸೊಪ್ ಬೆಳೀತೀವಿ, ಅದನ್ನ ಯಾರೋ ಸೇದಿ ಬೂದಿ ಮಾಡ್ತಾರೆ. ನಾನ್ ಮಾಡಿದ್ದು ಅಂತ ಒಂದಾದ್ರೂ ಉಳ್ದದಾ? ಇದು ಗಟ್ಟಿ ಅಂತ ತೋರಿಸ್ಬುಟ್ರೆ ಸಾವ್ರ ವರ್ಸ ಆದ್ರೂ ಗಟ್ಟೀನೆಯ. ಯಾರೂ ಸುಡಕ್ಕಾಗಲ್ಲ."

ಕೆಲಸ ಶುರುವಾದದ್ದು ಬ್ಯಾರನ್ನು ಆರಿದ ಮೇಲೆ. ಮುಗಿಯಬೇಕಾದದ್ದು ಮುಂದಿನ ಯುಗಾದಿಯೊಳಗೆ, ಯಾಕೆಂದರೆ ಆಮೇಲೆ ನಮ್ಮ ವಯಸ್ಸು ಬದಲಾಗಿ ಈ ಸಂಖ್ಯೆ ನಮ್ಮದಾಗಿ ಉಳಿಯುವುದಿಲ್ಲ. ಅಪ್ಪ ಸೊಪ್ಪು ಕಟ್ಟುವ ಕಡ್ಡಿಯೊಂದನ್ನು ಲಟಕ್ಕನೆ ಮುರಿದು ನನಗೆ ತಿಳಿಸಿಕೊಟ್ಟರು: ಒಂದು ಸಂಖ್ಯೆ ಒಡೆದರೆ ಎರಡು ಚೂರಾಗುತ್ತದೆ, ಎರಡೂ ದೊಡ್ಡವಾಗಿರಲು ಸಾಧ್ಯವಿಲ್ಲ, ಚಿಕ್ಕ ಚೂರನ್ನು ಹುಡುಕಿದರೆ ಸಾಕು. ನಮ್ಮ ಸಂಖ್ಯೆಗೆ ಅದರ ವರ್ಗಮೂಲ, ಅಂದರೆ ಎಂಟು ಸಾವಿರದ ಐನೂರ ಅರವತ್ತಮೂರರವರೆಗೆ ನೋಡಬೇಕು, ಅದರಲ್ಲೂ ಗಟ್ಟಿ ಸಂಖ್ಯೆಗಳಿಂದ ಮಾತ್ರ ಭಾಗಿಸಿ ನೋಡಿದರಾಯಿತು. ಹಳೆಯ ಕ್ಯಾಲೆಂಡರುಗಳ ಹಿಂದೆ ಸಾಲಾಗಿ ಸಂಖ್ಯೆ ಬರೆದು, ಒಡೆಯುವುದನ್ನೆಲ್ಲ ಹೊಡೆದು ಹಾಕಿ, ಉಳಿದದ್ದನ್ನು ಎಣಿಸಿದರು. ಸಾವಿರದ ಮೇಲೆ ಅರವತ್ತು ಚಿಲ್ಲರೆ ಬಂತು. ಸಾವಿರ ಭಾಗಾಕಾರ! ದಿನಕ್ಕೆ ಹತ್ತು ಮಾಡಿದರೆ ಹಬ್ಬದೊಳಗೆ ಮುಗಿಯುತ್ತದೆ ಎಂದು ಅಪ್ಪ ಬಹಳ ಹುರುಪಿನಿಂದ ಹೇಳಿದರು. ಅಮ್ಮ ಒಲೆಯೊಳಗೆ ಸೌದೆ ತುರುಕಿದಳು.

ಕೆಲಸದ ವಿಧಾನ ಬ್ಯಾರನ್ನಿನದೇ. ಸೊಪ್ಪನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿನೊಳಗೆ ನೇತುಹಾಕುವಾಗ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು: ಕಡ್ಡಿಯ ತುದಿಗೆ ಕಟ್ಟಿದವರ ಬಣ್ಣದ ದಾರ. ಅಪ್ಪನದು ಬಿಳಿ, ಅಮ್ಮನದು ಕೆಂಪು, ನನ್ನದು ಹಸಿರು. ಒಂದು ಎಲೆ ಸಡಿಲವಾಗಿ ಕಳಚಿ ಕೆಳಗಿನ ಕಾದ ಕೊಳವೆಯ ಮೇಲೆ ಬಿದ್ದರೆ ಇಡೀ ಬ್ಯಾರನ್ನು ಹೊತ್ತಿಕೊಳ್ಳುತ್ತದೆ. ಯಾರ ಗಂಟು ಸಡಿಲ ಎಂಬುದು ಗೊತ್ತಾಗಬೇಕಲ್ಲ. ಭಾಗಾಕಾರಕ್ಕೂ ಅದೇ ಕಾನೂನು. ನನ್ನ ಹಳೆಯ ನೋಟುಪುಸ್ತಕಗಳನ್ನು ಅರ್ಧರ್ಧ ಹಾಳೆ ಕತ್ತರಿಸಿ ಚೀಟಿ ಮಾಡಿದರು. ಒಂದು ಚೀಟಿಗೆ ಒಂದು ಭಾಗಾಕಾರ, ಕೊನೆಯಲ್ಲಿ ಉಳಿದ ಶೇಷಕ್ಕೆ ಸುತ್ತು ಹಾಕಬೇಕು. ಇಪ್ಪತ್ತು ಚೀಟಿ ಆದರೆ ಒಂದು ಕಡ್ಡಿಗೆ ಪೋಣಿಸಿ, ತುದಿಗೆ ಅವರವರ ದಾರ ಕಟ್ಟಿ, ಒಳಕೋಣೆಯ ತೊಲೆಗೆ ನೇತುಹಾಕುವುದು. ಎರಡು ಸಾವಿರದೊಳಗಿನವು ಅಮ್ಮನಿಗೆ, ಅಲ್ಲಿಂದ ನಾಲ್ಕೂವರೆ ಸಾವಿರದವರೆಗೆ ನನಗೆ, ಮಿಕ್ಕದ್ದು ಅಪ್ಪನಿಗೆ. ಅಪ್ಪ ಸಂಜೆ ಕಡ್ಡಿಗಳನ್ನು ತಿರುಗಿಸಿ ತಿರುಗಿಸಿ ಸುತ್ತು ಹಾಕಿದ ಶೇಷಗಳನ್ನಷ್ಟೇ ನೋಡುತ್ತಿದ್ದರು. ಸೊನ್ನೆ ಕಾಣದಿದ್ದರೆ ಅವರ ಮುಖ ಅರಳುತ್ತಿತ್ತು.

ಅಮ್ಮ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನಾಲ್ಕಂಕಿಯಿಂದ ಭಾಗಿಸುವುದು ಗೊತ್ತಿರಲಿಲ್ಲ, ನಾನೇ ಕಲಿಸಿದೆ. ಜೀವನದಲ್ಲಿ ನಾನು ಪಾಠ ಹೇಳಿದ ಮೊದಲ ಶಿಷ್ಯೆ ಅವಳೇ. ಆಮೇಲೆ ಮೂವತ್ತು ವರ್ಷ ಗಣಿತದ ಟೀಚರಾಗಿ ಎಷ್ಟು ಮಕ್ಕಳಿಗೆ ಕಲಿಸಿದರೂ ಅಷ್ಟು ಬೇಗ ಹಿಡಿದವರು ಕಡಿಮೆ. ಒಲೆಯ ಮೇಲೆ ಮುದ್ದೆಯ ಎಸರು ಇಟ್ಟು, ಅದು ಕುದಿಯುವಷ್ಟರಲ್ಲಿ ಚೀಟಿಯನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಭಾಗಾಕಾರ ಮುಗಿಸುತ್ತಿದ್ದಳು. ದನಕ್ಕೆ ಹುಲ್ಲು ಹಾಕಿ ಬಂದು ಇನ್ನೊಂದು. ಅಜ್ಜಿಯ ಕಾಲು ಒತ್ತುತ್ತಾ ಬಾಯಲ್ಲೇ ಮಗ್ಗಿ ಹೇಳಿಕೊಳ್ಳುತ್ತಿದ್ದಳು. ಅವಳ ಅಂಕಿಗಳು ಗುಂಡಗೆ, ಸಾಲಾಗಿ, ಅಚ್ಚುಕಟ್ಟಾಗಿದ್ದವು. ಅವಳು ಅದರಲ್ಲಿ ಸಂತೋಷಪಡುತ್ತಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಬೇಕೆಂದು ತೋಚಲೇ ಇಲ್ಲ.

ಸಂಕ್ರಾಂತಿಗೆ ಸ್ವಲ್ಪ ಮುಂಚೆ ಒಂದು ಜಗಳ ಆಯಿತು. ದಿನವಿಡೀ ಸೊಪ್ಪು ವಿಂಗಡಿಸಿ ಸೊಂಟ ಹಿಡಿದಿತ್ತು. ನನಗೆ ಕೆಮ್ಮು, ಅಜ್ಜಿಗೆ ಮಂಡಿ ನೋವು. ಊಟಕ್ಕೆ ಕೂತಾಗ ಅಮ್ಮ ಬಡಿಸುತ್ತಾ ಕೇಳಿದಳು.

"ಇದು ಒಡ್ದೋದ್ರೆ ಏನ್ ಮಾಡ್ತೀರಿ?"

"ಒಡುದ್ರೆ ಒಡೀಲಿ ಬುಡು," ಎಂದರು ಅಪ್ಪ. "ನಾಕ್ ಜನದ ವಯಸ್ನ ಇಂದೆಮುಂದೆ ಜೋಡಿಸುದ್ರೆ ಇಪ್ಪತ್ನಾಕು ಸಂಕ್ಯೆ ಆಯ್ತವೆ ಕಣೆ. ಇದಲ್ದಿದ್ರೆ ಇನ್ನೊಂದು. ಸಿಕ್ಕೋಗಂಟ ನೋಡದೆಯ."

"ಇಪ್ಪತ್ನಾಕಾ?"

"ಊಂ. ಒಂದಾದ್ರೂ ಗಟ್ಟಿ ಇರಲ್ವಾ?"

ಅಮ್ಮ ಸಾರಿನ ಪಾತ್ರೆಯನ್ನು ನೆಲಕ್ಕೆ ಕುಕ್ಕಿದಳು. ಸಾರು ಚೆಲ್ಲಿ ಅಜ್ಜಿಯ ಸೀರೆಗೆ ಸಿಡಿಯಿತು. ಅಜ್ಜಿ ಇಬ್ಬರನ್ನೂ ಬೈದಳು. ಮಾರನೇ ದಿನ ಅಮ್ಮ ಎಂದಿನಂತೆ ಎಸರಿಟ್ಟು, ತೊಡೆಯ ಮೇಲೆ ಚೀಟಿ ಇಟ್ಟುಕೊಂಡು ಕೂತಿದ್ದಳು. ಜಗಳ ಮುಗಿಯಿತು ಎಂದುಕೊಂಡೆ.

ಈಗ ನನ್ನ ಕಳ್ಳತನದ ವಿಷಯ ಹೇಳಬೇಕು. ಶಿವರಾತ್ರಿಯ ವಾರ ನನಗೆ ಜ್ವರ ಬಂದು ಬಿಟ್ಟಿತ್ತು, ಮೈಯಲ್ಲಿ ಕಸುವಿರಲಿಲ್ಲ, ಚೀಟಿಗಳು ಬಾಕಿ ಬಿದ್ದಿದ್ದವು. ಅಪ್ಪ ಬೈಯುವವರಲ್ಲ, ತಮ್ಮ ಪಾಲಿನ ಜೊತೆಗೆ ನನ್ನದನ್ನೂ ಮಾಡಲು ಕೂರುತ್ತಿದ್ದರು, ಅದನ್ನು ನೋಡುವುದೇ ಹಿಂಸೆ. ಒಂದು ಮಧ್ಯಾಹ್ನ ಮೂರು ಸಾವಿರದ ಒಂದರಿಂದ ಮೂರು ಸಾವಿರದ ನೂರ ಅರವತ್ತಮೂರರವರೆಗಿನ ಹದಿನೇಳು ಚೀಟಿಗಳನ್ನು ನಾನು ಭಾಗಿಸದೆ ತುಂಬಿದೆ. ಮೇಲಿನ ಎರಡು ಸಾಲು ನಿಜ, ಕೆಳಗಿನದೆಲ್ಲ ಮನಸ್ಸಿಗೆ ಬಂದದ್ದು. ಶೇಷಕ್ಕೆ ಒಂದು ಕಡೆ ಸಾವಿರದ ನಾನೂರ ಆರು, ಒಂದು ಕಡೆ ಐವತ್ತೆರಡು. ಎಲ್ಲ ದೊಡ್ಡದಾದರೆ ಅನುಮಾನ ಬರುತ್ತದೆಂದು ನಡುವೆ ಒಂದು ಒಂಬತ್ತನ್ನೂ ಇಟ್ಟೆ. ಸುಳ್ಳಿಗೂ ಎಷ್ಟು ಅಚ್ಚುಕಟ್ಟು ಬೇಕು ಎಂಬುದನ್ನು ಕಲಿತದ್ದು ಆ ಮಧ್ಯಾಹ್ನವೇ. ಹಸಿರು ದಾರ ಕಟ್ಟಿ ತೊಲೆಗೆ ಹಾಕಿದೆ. ಸಂಜೆ ಅಪ್ಪ ಕಡ್ಡಿ ತಿರುಗಿಸಿ ನೋಡಿ ನನ್ನ ತಲೆ ಸವರಿದರು.

"ಬಲು ಚೂಟಿ ಆಗೋದೆ ಕಣವ್ವ ನೀನು."

ಯುಗಾದಿಗೆ ಎಂಟು ದಿನ ಇರುವಾಗ ಅಪ್ಪ ಕೊನೆಯ ಚೀಟಿ ಮುಗಿಸಿದರು. ಒಳಕೋಣೆಯ ತೊಲೆಯಿಂದ ಐವತ್ತಕ್ಕೂ ಹೆಚ್ಚು ಕಡ್ಡಿಗಳು ನೇತಾಡುತ್ತಿದ್ದವು, ಎಲ್ಲಿಯೂ ಸೊನ್ನೆ ಇರಲಿಲ್ಲ. ಅವರು ಕೂಗಲಿಲ್ಲ, ಕುಣಿಯಲಿಲ್ಲ. ಹೋಗಿ ತಣ್ಣೀರು ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಇಸ್ತ್ರಿ ಇಲ್ಲದ ಬಿಳಿ ಅಂಗಿ ತೊಟ್ಟು ಕೃಷ್ಣರಾಜನಗರದ ಬಸ್ಸು ಹತ್ತಿದರು. ಮೇಷ್ಟ್ರಿಗೆ ಆಗಲೇ ಕಣ್ಣು ಮಂಜಾಗಿತ್ತಂತೆ. ಸಂಖ್ಯೆಯನ್ನು ಎರಡು ಸಲ ಬಾಯಲ್ಲಿ ಹೇಳಿಸಿಕೊಂಡು, ಯಾರ್ಯಾರು ಎಷ್ಟೆಷ್ಟು ಭಾಗಿಸಿದಿರಿ ಎಂದು ಕೇಳಿ, ಮನೆಯವರೆಲ್ಲ ಸೇರಿ ಮಾಡಿದ್ದೀರಿ, ಇನ್ನು ನಾನೇನು ನೋಡುವುದು ಎಂದು ಎದ್ದು ನಿಂತು ಅಪ್ಪನ ಕೈ ಕುಲುಕಿದರಂತೆ. ಆ ಕೈಯನ್ನು ಅಪ್ಪ ಬಸ್ಸಿನಲ್ಲಿ ಸೀಟಿಗೂ ತಾಗಿಸದೆ ತಂದಿರಬೇಕು, ಹಾಗೆ ಬಂದರು. ಮಾರನೇ ದಿನ ಬ್ಯಾರನ್ನಿನ ಗೋಡೆಯ ಮೇಲೆ ಏಣಿ ಹಾಕಿಕೊಂಡು ಟಾರಿನಲ್ಲಿ ಸಂಖ್ಯೆ ಬರೆದರು. ಒಂದೊಂದು ಅಂಕಿ ನನ್ನ ಎತ್ತರ. ರಸ್ತೆಯಲ್ಲಿ ಹೋಗುವವರೆಲ್ಲ ಇದೇನು ಎಂದು ಕೇಳುತ್ತಿದ್ದರು, ಗುರುಪುರದ ಟಿಬೆಟನ್ ನಿರಾಶ್ರಿತರ ಕ್ಯಾಂಪಿನ ರೈತನೊಬ್ಬ ಟ್ರ್ಯಾಕ್ಟರು ನಿಲ್ಲಿಸಿ ಕೇಳಿದ. ಅಪ್ಪ ಎಲ್ಲರಿಗೂ ಬೇಸರವಿಲ್ಲದೆ ಹೇಳುತ್ತಿದ್ದರು.

"ನಮ್ಮನೆ ಸಂಕ್ಯೆ. ಯಾವ್ದುರಿಂದ್ಲೂ ಒಡ್ಯಾಕಾಗಲ್ಲ."

ಆ ಯುಗಾದಿಯ ಮಧ್ಯಾಹ್ನ ಅಮ್ಮ ಮಲಗಿದಳು. ಹಗಲು ಹೊತ್ತು ಅಮ್ಮ ಚಾಪೆ ಹಾಕಿಕೊಂಡು ಮಲಗಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅಜ್ಜಿ ಕೂಡ ಎಬ್ಬಿಸಬೇಡ ಎಂದಳು. ಅಪ್ಪ ಇನ್ನೊಂದು ಸಂಖ್ಯೆಯ ತಂಟೆಗೆ ಹೋಗಲಿಲ್ಲ. ಒಂದು ಸಾಕು ಎಂದರು. ಊಟಕ್ಕೆ ಮುಂಚಿನ ಪ್ರಶ್ನೆಯೂ ನಿಂತಿತು, ಬಿಸಿ ಸಾರು ಬಿಸಿಯಾಗಿಯೇ ಸಿಕ್ಕಿತು. ನಮ್ಮ ಮನೆಯ ಒಳ್ಳೆಯ ದಿನಗಳು ಎಂದು ಹೇಳಬೇಕಾದರೆ ಆಮೇಲಿನ ನಾಲ್ಕೈದು ವರ್ಷಗಳನ್ನೇ ಹೇಳಬೇಕು. ನಾನೊಬ್ಬಳೇ ನೆಮ್ಮದಿ ಕೆಟ್ಟವಳು. ಗೋಡೆಯ ಮೇಲಿನ ಒಂದೊಂದು ಅಂಕಿಯೂ ನನ್ನ ಹದಿನೇಳು ಚೀಟಿಗಳನ್ನು ಕೇಳುತ್ತಿತ್ತು. ಅವುಗಳಲ್ಲಿ ಒಂದರಿಂದ ಅದು ಒಡೆಯುವುದಾದರೆ? ಗುಟ್ಟಾಗಿ ಕೂತು ಭಾಗಿಸಿ ನೋಡಬಹುದಿತ್ತು. ಒಂದು ವೇಳೆ ಸೊನ್ನೆ ಬಂದರೆ ಅಪ್ಪನಿಗೆ ಹೇಳಬೇಕಾಗುತ್ತದಲ್ಲ, ಅದಕ್ಕೇ ನೋಡಲಿಲ್ಲ. ಟೀಚರಾದ ಮೇಲೆ ಶಾಲೆಗೆ ಕಂಪ್ಯೂಟರು ಬಂತು, ಕೈಗೆ ಮೊಬೈಲು ಬಂತು. ಆಗಲೂ ನೋಡಲಿಲ್ಲ. ಬದಲಿಗೆ ಮಕ್ಕಳ ಉತ್ತರಪತ್ರಿಕೆಗಳನ್ನು ಎರಡೆರಡು ಸಲ ತಿದ್ದಿದೆ, ಗ್ಯಾಸು ಆರಿಸಿದ್ದೇನಾ ಎಂದು ಬಸ್‌ಸ್ಟ್ಯಾಂಡಿನಿಂದ ಹಿಂದಿರುಗಿದೆ, ಯಾರಾದರೂ ಹೊಗಳಿದರೆ ಮುಖ ತಿರುಗಿಸಿದೆ. ನನ್ನ ಜೊತೆಯವರು ಇದನ್ನು ಶಿಸ್ತು ಎಂದುಕೊಂಡಿದ್ದಾರೆ. ನಿಜ ಹೇಳಬೇಕೆಂದರೆ ಬರೀ ಸುಸ್ತು.

ಅಜ್ಜಿ ಹೋದಳು. ಬ್ಯಾರನ್ನಿನ ಗೋಡೆಯ ಟಾರನ್ನು ಅಪ್ಪ ಎರಡು ವರ್ಷಕ್ಕೊಮ್ಮೆ ತೀಡುತ್ತಿದ್ದರು, ಏಣಿ ಹತ್ತಲಾಗದೆ ಹೋದ ಮೇಲೆ ಅದು ಮಾಸಿತು. ಹೋದ ವರ್ಷ ಅಪ್ಪನೂ ತೀರಿಕೊಂಡರು. ಆಸ್ಪತ್ರೆಗೆ ಸೇರಿಸಿದ ದಿನ ನರ್ಸಮ್ಮ ಚೀಟಿ ಬರೆಯುತ್ತಾ ಮೊಬೈಲ್ ನಂಬರು ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಹೇಳಿಬಿಟ್ಟರು.

"ಏಳು, ಮೂರು ಮೂರು ಮೂರು ಮೂರು, ಒಂದು ಒಂದು ಒಂದು."

"ಇನ್ನೂ ಎರಡು ನಂಬರು ಬೇಕಲ್ಲ ತಾತ?"

"ಬ್ಯಾಡ ಕಣವ್ವ. ಅಷ್ಟೇಯ ಅದು."

ನಾನು ಆಚೆ ಹೋಗಿ ಅತ್ತು ಬಂದೆ. ಅಪ್ಪ ಹೋಗುತ್ತಾರೆಂಬ ದುಃಖಕ್ಕಿಂತ, ನಾನು ಸುಳ್ಳು ಹೇಳಿದ್ದು ಅವರೊಂದಿಗೇ ಹೋಗುತ್ತದೆಂಬ ನಾಚಿಕೆ ದೊಡ್ಡದಿತ್ತು.

ಅಮ್ಮ ಈಗ ಹುಣಸೂರಿನಲ್ಲಿ ನನ್ನ ಜೊತೆ ಇದ್ದಾಳೆ. ಈ ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿ ಹಳೆಯ ಟ್ರಂಕೊಂದನ್ನು ತಂದೆ. ಕಡ್ಡಿಗಳನ್ನು ತೆಗೆದು ಚೀಟಿಗಳನ್ನು ದಾರದ ಸಮೇತ ಕಟ್ಟುಕಟ್ಟಾಗಿ ಅಪ್ಪ ಅದರಲ್ಲಿ ಇಟ್ಟಿದ್ದರು. ಮಧ್ಯಾಹ್ನ ಊಟವಾದ ಮೇಲೆ ಅಮ್ಮ ನಡುಮನೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನಾನು ಎದುರಿಗೆ ಕೂತು, ಇನ್ನು ಯಾರಿಗೂ ನೋವಾಗುವುದಿಲ್ಲ ಎಂದು ಧೈರ್ಯ ಮಾಡಿ, ಹಸಿರು ದಾರದ ಆ ಹದಿನೇಳನ್ನು ಹುಡುಕಿ ತೆಗೆದೆ. ಮೊಬೈಲಿನಲ್ಲಿ ಒಂದೊಂದನ್ನೇ ಭಾಗಿಸಿದೆ. ಎಲ್ಲದಕ್ಕೂ ದಶಾಂಶದ ಬಾಲ ಬಂತು, ಒಂದೂ ಪೂರ್ತಿ ಹೋಗಲಿಲ್ಲ. ನಲವತ್ತು ವರ್ಷ ಹೊತ್ತದ್ದು ಕಾಲು ಗಂಟೆಯಲ್ಲಿ ಇಳಿಯಿತು. ಅಪ್ಪನ ಸಂಖ್ಯೆಯನ್ನು ನಾನು ಒಡೆದಿರಲಿಲ್ಲ. ಖುಷಿಯಾಗಬೇಕಿತ್ತು, ಆಗಲಿಲ್ಲ, ಅಷ್ಟು ಹೊತ್ತು ಹೊತ್ತವರಿಗೆ ಇಳಿಸಿದ ಮೇಲೂ ಭುಜ ನೋಯುತ್ತಲೇ ಇರುತ್ತದೆ. ಎರಡೆರಡು ಸಲ ನೋಡುವ ಚಟವೊಂದು ಇದೆಯಲ್ಲ, ಸುಮ್ಮನಿರಲಾರದೆ ಕೆಂಪು ದಾರದ ಕಟ್ಟನ್ನೂ ಬಿಚ್ಚಿದೆ. ಅಮ್ಮನ ಗುಂಡಗಿನ ಅಂಕಿಗಳು. ಮೊದಲಿನ ನೂರರವತ್ತು ಚಿಲ್ಲರೆ ಚೀಟಿಗಳಲ್ಲಿ ಒಂದೂ ತಪ್ಪಿರಲಿಲ್ಲ. ಸಾವಿರದ ಒಂಬತ್ತರ ಚೀಟಿ ಬಂತು. ಮೊಬೈಲಿನಲ್ಲಿ ಒತ್ತಿದೆ. ದಶಾಂಶದ ಬಾಲ ಬರಲಿಲ್ಲ. ಇನ್ನೊಮ್ಮೆ ಒತ್ತಿದೆ. ೭೨೬೭೯, ಮುಂದೆ ಏನೂ ಇಲ್ಲ.

ಚೀಟಿಯನ್ನು ಬೆಳಕಿಗೆ ಹಿಡಿದೆ. ಭಾಗಾಕಾರ ಮೊದಲಿನಿಂದ ಕೊನೆಯವರೆಗೆ ತಪ್ಪಿಲ್ಲದೆ ಇಳಿದಿತ್ತು. ಕೊನೆಯ ಹೆಜ್ಜೆಯಲ್ಲಿ ೯೦೮೧, ಅದರ ಕೆಳಗೆ ೯೦೮೧, ಅದರ ಕೆಳಗೆ ಗೆರೆ. ಗೆರೆಯ ಕೆಳಗೆ ೮ ಎಂದು ಬರೆದು ಸುತ್ತು ಹಾಕಿತ್ತು. ಮೂರನೇ ಕ್ಲಾಸಿನ ಮಗು ಕೂಡ ಮಾಡದ ತಪ್ಪು ಅದು. ತಪ್ಪೇ ಅಲ್ಲ ಎಂಬುದು ಗೊತ್ತಾಗಲು ನನಗೆ ಒಂದು ನಿಮಿಷ ಹಿಡಿಯಿತು.

"ಅಮ್ಮ, ಸಾವಿರದ ಒಂಬತ್ತು ನೆನಪಿದೆಯಾ?"

ಅಮ್ಮ ತಲೆ ಎತ್ತಲಿಲ್ಲ. ಬೀಜವೊಂದನ್ನು ತಟ್ಟೆಗೆ ಹಾಕಿದಳು.

"ಸೊನ್ನೆ ಬಂತು," ಎಂದಳು. "ಯಾಡ್ ದಪ ಮಾಡ್ದೆ. ಯಾಡ್ ದಪಾನೂ ಸೊನ್ನೆ."

"ಮತ್ತೆ ಎಂಟು ಅಂತ ಬರೆದಿದ್ದೀಯ?"

"ಊಂ."

ಇಷ್ಟು ವರ್ಷ ನನ್ನ ತಪ್ಪು ಎಂದುಕೊಂಡಿದ್ದೆ ಎಂದೆ. ಹದಿನೇಳು ಚೀಟಿಯ ಕಥೆ ಹೇಳಿದೆ. ಅಮ್ಮ ಮೊದಲ ಸಲ ನನ್ನ ಮುಖ ನೋಡಿದಳು. ಅವಳಿಗದು ಗೊತ್ತಿರಲಿಲ್ಲ. ಹುಣಸೆಹಣ್ಣನ್ನು ಬೆರಳಲ್ಲಿ ಹಿಸುಕುತ್ತಾ ಹೇಳಿದಳು. ಒಂದೇ ಉಸಿರಿಗೆ ಅಮ್ಮ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಸೊನ್ನೆ ಬಂದಾಗ ಮೈಯೆಲ್ಲ ಜುಮ್ ಅಂತು ಕಣೆ. ಇಡೀ ಮನೆ ಉಡುಕ್ತಿದ್ದದ್ದು ನನ್ ಕೈಗೆ ಸಿಕ್ಕದಲ್ಲಪ್ಪ ಅಂತ. ಕೂಗಿ ನಿಮ್ಮಪ್ಪನ್ನ ಕರ್ಯಣ ಅಂತ ಎದ್ದೆ. ಅಷ್ಟ್ರಲ್ಲಿ ಅತ್ತೆ ನೀರ್ ಕೇಳುದ್ರು. ನೀರ್ ಕೊಟ್ಟು ಬರೋ ಅಷ್ಟೊತ್ಗೆ ಇಪ್ಪತ್ನಾಕು ಅಂದಿದ್ದು ಗ್ಯಾಪ್ಕ ಬಂತು. ಇದು ಒಡ್ದೋಯ್ತು ಅಂದ್ರೆ ನಾಳೀಕೆ ಇನ್ನೊಂದ್ ಸಂಕ್ಯೆ, ಇನ್ನೊಂದ್ ಸಾವ್ರ ಚೀಟಿ. ನೀನು ಕೆಮ್ತಿದ್ದೆ. ಸೊಪ್ಪು ಅರ್ದ ಅಂಗೇ ಬಿದ್ದಿತ್ತು. ನಂಗೆ ಕೈಲಾಗ್ತಿರ್ನಿಲ್ಲ ಕಣೆ, ನಿದ್ದೆ ಬಂದ್ರೆ ಸಾಕಾಗಿತ್ತು. ಎಂಟು ಅಂತ ಬರ್ದು ಪೋಣಿಸ್ಬುಟ್ಟೆ. ಅವ್ರೂ ಕುಸಿಯಾಗಿದ್ರು."

ಅಪ್ಪ ಅಷ್ಟು ಆಸೆಪಟ್ಟ ಮನೆಯಲ್ಲಿ ಆ ಸಂಖ್ಯೆಯ ನಿಜವನ್ನು ಕಂಡವಳು ನಾಲ್ಕನೇ ಕ್ಲಾಸು ಓದಿದ ಅಮ್ಮ ಒಬ್ಬಳೇ. ಕಂಡು, ಒಲೆಯ ಮುಂದಿನಿಂದ ಎದ್ದು ಅಜ್ಜಿಗೆ ಒಂದು ಲೋಟ ನೀರು ಕೊಟ್ಟು ಬರುವಷ್ಟರಲ್ಲಿ ಅದನ್ನು ನುಂಗಿಕೊಂಡಿದ್ದಳು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂತೆ, ತಟ್ಟೆಯಿಂದ ಒಂದು ಹಿಡಿ ಹಣ್ಣು ತೆಗೆದುಕೊಂಡು ನಾನೂ ಬೀಜ ಬಿಡಿಸತೊಡಗಿದೆ.

"ಇನ್ನೊಂದ್ ಚೂರು ಎಷ್ಟ್ ಬಂದಿತ್ತು?" ಎಂದು ಕೇಳಿದಳು. "ಮೇಲ್ಗಡೆ ಬರ್ದಿದ್ದು. ಸಾವ್ರದೊಂಬತ್ತು ಮರ್ತಿಲ್ಲ, ಅದು ಮರ್ತೋಗದೆ."

"ಎಪ್ಪತ್ತೆರಡು ಸಾವಿರದ ಆರುನೂರ ಎಪ್ಪತ್ತೊಂಬತ್ತು."

"ಅದು ಒಡೀತದಾ?"

ನನಗೆ ಲೆಕ್ಕ ಹಾಕುವ ಅಗತ್ಯವಿರಲಿಲ್ಲ. ಅದನ್ನು ಒಡೆಯುವ ಸಂಖ್ಯೆ ಅಪ್ಪನ ದೊಡ್ಡ ಸಂಖ್ಯೆಯನ್ನೂ ಒಡೆಯಲೇಬೇಕು; ಮಿಕ್ಕ ಚೀಟಿಗಳಲ್ಲಿ ಎಲ್ಲೂ ಸೊನ್ನೆಯಿರಲಿಲ್ಲ.

"ಇಲ್ಲಮ್ಮ. ಅದು ಗಟ್ಟಿ."

ಅಮ್ಮನ ಕೈ ನಿಂತಿತು.

"ಅಂಗಾರೆ ಅದನ್ನಾದ್ರೂ ಅವ್ರಿಗೆ ಕೊಡಬೌದಿತ್ತು," ಎಂದಳು. "ನಂಗೆ ಗೊತ್ತಾಗ್ನಿಲ್ಲ ಕಣೆ."